ಶಿಬಿರದ ಲೆಕ್ಕ ಬೇಡ, ಮನೆಪಟ್ಟಿ ತೋರಿಸಿ

ಆಳಂದ ದಾಟಿ ಉಮರ್ಗಾ ಕಡೆ ಹೋದರೆ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆ. ಈಗ ಅದಕ್ಕೆ ಧಾರಾಶಿವ ಅಂತ ಹೆಸರು. ಗರ್ಭಕಂಠದ ಕ್ಯಾನ್ಸರ್ ಬಗ್ಗೆ ಜಗತ್ತು ಇವತ್ತಿಗೂ ಉದಾಹರಿಸುವ ಅಧ್ಯಯನವೊಂದು ಅಲ್ಲಿನ ಹಳ್ಳಿಗಳಲ್ಲೇ ನಡೆಯಿತು. 52 ಹಳ್ಳಿಗುಂಪು, 30ರಿಂದ 59 ವಯಸ್ಸಿನ 1,31,746 ಹೆಂಗಸರು. ಒಂದೇ ಸಲ ಎಚ್‌ಪಿವಿ (ಈ ಕ್ಯಾನ್ಸರಿಗೆ ಕಾರಣವಾಗುವ ವೈರಸ್) ಪರೀಕ್ಷೆಗೆ ಕರೆದ ಗುಂಪಿನಲ್ಲಿ ಆ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಫಲಿತಾಂಶ ಪ್ರಕಟವಾದದ್ದು 2009ರಲ್ಲಿ. ಬರೀ ಶಿಬಿರ ಹಾಕಿದರೆ ಬಂದವರ ಲೆಕ್ಕ ಮಾತ್ರ ಸಿಗುತ್ತದೆ. ಆದರೆ ಪರೀಕ್ಷೆಗೆ ಯಾರು ಬಂದರು ಅನ್ನುವುದರ ಜೊತೆಗೆ ಯಾರು ಬರಲಿಲ್ಲ ಅನ್ನುವುದೂ ಆ ಅಧ್ಯಯನ ಮಾಡಿದವರಿಗೆ ಗೊತ್ತಿತ್ತು. ಕಲಬುರಗಿ, ಯಾದಗಿರಿ, ಬೀದರ್‌ನ ಹಳ್ಳಿಗಳಲ್ಲಿ ಇಂಥ ಅಧ್ಯಯನಕ್ಕೆ ಇಳಿಯುವವರು ಮೊದಲು ಕಲಿಯಬೇಕಾದದ್ದು ಅದನ್ನೇ.

ಶುರು ಮನೆಪಟ್ಟಿಯಿಂದ. ಮತದಾರರ ಪಟ್ಟಿಯಲ್ಲಿ ಹೊಸ ಸೊಸೆ ಇರುವುದಿಲ್ಲ. ರೇಷನ್ ಕಾರ್ಡಿನಲ್ಲಿ ಮದುವೆಯಾಗಿ ಹೋದ ಮಗಳ ಹೆಸರು ಹಾಗೇ ಉಳಿದಿರುತ್ತದೆ. ಅಂಗನವಾಡಿ ಪುಸ್ತಕದಲ್ಲಿ ಬಸುರಿ, ಬಾಣಂತಿಯರು ಸಿಗುತ್ತಾರೆ, 50 ದಾಟಿದವರು ಸಿಗುವುದಿಲ್ಲ. ಹಾಗಾಗಿ ಮನೆ ಮನೆ ನಡೆದು ಸ್ವಂತ ಪಟ್ಟಿ ಮಾಡಲೇಬೇಕು. ಊರಾಚೆಯ ತಾಂಡಾ ಮತ್ತು ಹೊಲದ ಮನೆಗಳನ್ನು ಕಡೆಗೆ ಇಟ್ಟುಕೊಂಡರೆ ಅವು ಬಿಟ್ಟೇ ಹೋಗುತ್ತವೆ, ಮೊದಲ ದಿನವೇ ಅಲ್ಲಿಗೆ ಹೋಗಿ. ಬೀಗ ಹಾಕಿದ ಮನೆಗೆ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗದೆ ‘ಇಲ್ಲ’ ಅಂತ ಬರೆಯಬಾರದು. ಹತ್ತಿ ಬಿಡಿಸುವಾಗ, ತೊಗರಿ ಕೊಯ್ಯುವಾಗ ಹಗಲು 11ಕ್ಕೆ ಹೋದರೆ ಸಿಗುವವರು ಮುದುಕರು, ಮಕ್ಕಳು ಅಷ್ಟೇ. ಬೆಂಗಳೂರು, ಪುಣೆಗೆ ಕೂಲಿಗೆ ಹೋದವರಿಗೆ ಪಟ್ಟಿಯಲ್ಲಿ ಪ್ರತ್ಯೇಕ ಗುರುತು ಬೇಕು. ಅವರ ಹೆಸರು ಹೊಡೆದುಹಾಕಿದರೆ ಅತಿ ಬಡವರೇ ಲೆಕ್ಕದಿಂದ ಹೊರಗಾಗುತ್ತಾರೆ, ಶೇಕಡಾವಾರು ಮಾತ್ರ ಕಾಗದದ ಮೇಲೆ ಚೆಂದ ಕಾಣುತ್ತದೆ.

ವಯಸ್ಸು ಕೇಳಿದರೆ 40 ಅಥವಾ 50 ಅನ್ನುತ್ತಾರೆ, ನಡುವಿನ ಅಂಕಿ ಅಪರೂಪ. “ಅವ್ವಾ, ಕಿಲ್ಲಾರಿ ಭೂಕಂಪ ಆದಾಗ ನಿಮ್ಮ ಹಿರೇಮಗ ಹುಟ್ಟಿದ್ದನೇನ್ರಿ?” ಅಂತ ಕೇಳಿದರೆ 1993 ಕೈಗೆ ಸಿಗುತ್ತದೆ. ಹಿರಿಯರಿಗೆ 1972ರ ಬರ.

ಬಾಯಿ ಕ್ಯಾನ್ಸರನ್ನೂ ನೋಡುವುದಾದರೆ ತಂಬಾಕಿನ ಲೆಕ್ಕ ಬೇಕು. ಅದಕ್ಕೆ ಎಷ್ಟು ಜನ ಬೇಕು? ತಂಬಾಕು ಬಳಸುವವರು 30% ಇರಬಹುದು, ಅಂದಾಜು 5% ಆಚೀಚೆ ಆದರೂ ಸಾಕು ಅಂದುಕೊಂಡರೆ ಸರಳ ಲೆಕ್ಕಕ್ಕೆ 323. ಆದರೆ ಒಂದೇ ಊರಿನವರ ಚಟಗಳು ಒಂದೇ ಥರ ಇರುತ್ತವೆ, ಅದಕ್ಕಾಗಿ ಇಮ್ಮಡಿ: 646. ಹತ್ತರಲ್ಲಿ ಒಬ್ಬರು ಸಿಗಲಿಲ್ಲ ಅಂತ ಹಿಡಿದರೆ 718.

“ತಂಬಾಕು ತಿಂತೀರೇನ್ರಿ?” ಅಂತ ಒಂದೇ ಪ್ರಶ್ನೆ ಕೇಳಿದರೆ ಉತ್ತರ ಸುಳ್ಳಾಗುತ್ತದೆ. ಕೇಳಿಸಿಕೊಂಡವರು ಸುಳ್ಳು ಹೇಳುತ್ತಿಲ್ಲ, ಅವರ ಲೆಕ್ಕದಲ್ಲಿ ಗುಟ್ಕಾ ಬೇರೆ, ಮಿಶ್ರಿ ಹಲ್ಲು ತಿಕ್ಕುವ ಪುಡಿ, ಎಲೆ ಅಡಿಕೆಯೊಳಗಿನ ತಂಬಾಕಿನ ಎಸಳು ಲೆಕ್ಕಕ್ಕೇ ಇಲ್ಲ. ಇವುಗಳ ಖಾಲಿ ಪೊಟ್ಟಣಗಳನ್ನು ತಟ್ಟೆಯಲ್ಲಿಟ್ಟು ಒಂದೊಂದನ್ನೇ ತೋರಿಸಿ ಕೇಳಬೇಕು. ಬಾಯಿ ನೋಡುವಾಗ ಕೆನ್ನೆಯ ಒಳಭಾಗ, ವಸಡು, ನಾಲಿಗೆಯ ಎರಡೂ ಅಂಚು, ನಾಲಿಗೆಯ ಕೆಳಗೆ, ಎಲ್ಲವನ್ನೂ ಟಾರ್ಚ್ ಬೆಳಕಿನಲ್ಲಿ ನೋಡಿ. ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ತೂರದಷ್ಟು ಬಿಗಿದ ಬಾಯಿ ಕಂಡರೆ ದೊಡ್ಡಾಸ್ಪತ್ರೆಗೆ ಕಳಿಸಬೇಕು.

ಉಪಕೇಂದ್ರದಲ್ಲಿ ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಹಚ್ಚಿ ನೋಡುವ ಪರೀಕ್ಷೆಯ ಸಾಮಾನು ಅಗ್ಗ, ಕೆಡುವುದೂ ಅಷ್ಟೇ ಸುಲಭ. 95 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 5 ಮಿ.ಲೀ. ಗ್ಲೇಸಿಯಲ್ (ನೀರು ಬೆರೆಸದ) ಅಸಿಟಿಕ್ ಆಮ್ಲ ಹಾಕಬೇಕು. ಅಳತೆ ತಪ್ಪಿದರೆ ಹೆಂಗಸಿನ ಮೈ ಸುಡುತ್ತದೆ. ಇದನ್ನು ಅವತ್ತಿನದು ಅವತ್ತೇ ತಯಾರಿಸಿ, ಸಂಜೆ ಚೆಲ್ಲಬೇಕು. ಹಚ್ಚಿದ ಮೇಲೆ ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಕಾಯಬೇಕು. ಹೊರಗೆ ಸಾಲು ನಿಂತಾಗ ಆ ನಿಮಿಷ 20 ಸೆಕೆಂಡಿಗೆ ಇಳಿಯುತ್ತದೆ, ಬಿಳಿ ಮಚ್ಚೆ ಮೂಡುವ ಮೊದಲೇ ‘ನಾರ್ಮಲ್’ ಅಂತ ಬರೆದಾಗಿರುತ್ತದೆ. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಕ್ಕೆ ಸರಿದಿರುವುದರಿಂದ ಅವರಿಗೆ ಈ ಪರೀಕ್ಷೆ ನೆಚ್ಚಲಾಗದು, ಎಚ್‌ಪಿವಿ ಪರೀಕ್ಷೆಯೇ ವಾಸಿ. ಅದರ ಮಾದರಿಯನ್ನು ಹೆಂಗಸರು ತಾವೇ ತೆಗೆದುಕೊಡಬಹುದು.

ಒಪ್ಪಿಗೆಯ ವಿಷಯ ಚಿಕ್ಕದು, ಆದರೆ ಬಿಡುವಂತಿಲ್ಲ. ಹೆಬ್ಬೆಟ್ಟು ಒತ್ತುವವರಿಗೆ ತಂಡಕ್ಕೆ ಸೇರದ ಸಾಕ್ಷಿ ಬೇಕು. ಪತ್ರ ಓದುವ ಭಾಷೆ ತಾಂಡಾದಲ್ಲಿ ಲಂಬಾಣಿ, ಹಲವು ಓಣಿಗಳಲ್ಲಿ ಉರ್ದು ಆಗಿರಬೇಕು.

ಫಲಿತಾಂಶ ಹೇಳುವಲ್ಲಿ ಎಷ್ಟೋ ಅಧ್ಯಯನಗಳು ಎಡವುತ್ತವೆ. ಹೆಂಗಸು ಕೊಟ್ಟ ಫೋನ್ ನಂಬರ್ ಬಹಳ ಸಲ ಗಂಡನದು, ಇಲ್ಲವೇ ಮಗನದು. ಎಚ್‌ಪಿವಿ ಲೈಂಗಿಕ ಸಂಪರ್ಕದಿಂದ ಬರುವ ಸೋಂಕು, ಮೆಸೇಜು ಹೋದರೆ ಮನೆಯಲ್ಲಿ ಜಗಳ ಹತ್ತುತ್ತದೆ. ಆಶಾ ಕಾರ್ಯಕರ್ತೆಯ ಬಾಯಲ್ಲೂ ಬೇಡ, ಆಕೆ ಅದೇ ಓಣಿಯವಳು. ನರ್ಸ್ ಒಬ್ಬರೇ ಕೂತು ಹೇಳಬೇಕು: ಇದು ಕ್ಯಾನ್ಸರ್ ಅಲ್ಲ, ಎಷ್ಟೋ ವರ್ಷದ ಹಿಂದೆ ತಗುಲಿರಬಹುದು, ಬಹಳ ಮಂದಿಗೆ ತಾನಾಗೇ ಹೋಗುತ್ತದೆ.

ಆಮೇಲೆ ಚಿಕಿತ್ಸೆಗೆ ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಕೇಂದ್ರ. ಹೆಂಗಸರಿಗೆ ಸಾರಿಗೆ ಬಸ್ಸು ಪುಕ್ಕಟೆ, ಜೊತೆಗೆ ಬರುವ ಗಂಡಸಿಗೆ ಟಿಕೆಟ್ಟು, ಇಬ್ಬರದೂ ಆ ದಿನದ ಕೂಲಿ ಹೋಗುತ್ತದೆ. ಇದನ್ನು ಬಜೆಟ್ಟಿನಲ್ಲಿ ಮೊದಲೇ ಬರೆದಿಡಿ. ವರದಿಯಲ್ಲಿ ಐದು ಅಂಕಣ ಇರಲಿ: ಪಟ್ಟಿಯಲ್ಲಿದ್ದವರು, ಪರೀಕ್ಷೆಯಾದವರು, ಪಾಸಿಟಿವ್ ಬಂದವರು, ಆಸ್ಪತ್ರೆ ಮುಟ್ಟಿದವರು, ಚಿಕಿತ್ಸೆ ಮುಗಿಸಿದವರು. ಕಡೆಯ ಎರಡು ಅಂಕಣ ಖಾಲಿ ಇದ್ದರೆ ಅದನ್ನು ಖಾಲಿ ಅಂತಲೇ ಅಚ್ಚು ಹಾಕಿ.