ಎಣ್ಣೆ ಎರೆಯುವ ದೃಶ್ಯವನ್ನು ಕತ್ತರಿಸಿದ್ದು

ಚಿಕ್ಕಮಗಳೂರಿನಲ್ಲಿ ಮದುವೆ, ಗೃಹಪ್ರವೇಶಗಳ ವಿಡಿಯೊ ಮಾಡಿಕೊಂಡಿರುವ ನನಗೆ ಕೊಪ್ಪ ತಾಲ್ಲೂಕಿನ ಹಳ್ಳಿಯೊಂದರ ಅಂಟಿಗೆ-ಪಂಟಿಗೆಯ ಬಗ್ಗೆ ಸಾಕ್ಷ್ಯಚಿತ್ರ ಮಾಡುವ ಕೆಲಸ ಸಿಕ್ಕಾಗ, ಅದನ್ನೂ ಇನ್ನೊಂದು ಸಮಾರಂಭವೆಂದೇ ಎಣಿಸಿದ್ದೆ. ದೀಪಾವಳಿಯ ರಾತ್ರಿಗಳಲ್ಲಿ ಹಾಡುಗಾರರ ತಂಡವು ಊರ ದೇವಸ್ಥಾನದಲ್ಲಿ ಹಚ್ಚಿದ ದೀಪವನ್ನು ಆರದಂತೆ ಕಾಪಾಡಿಕೊಂಡು, ತೋಟ, ಗದ್ದೆ, ಹಳ್ಳಗಳನ್ನು ದಾಟಿ ಮನೆಯಿಂದ ಮನೆಗೆ ಹೋಗುತ್ತದೆ. ಮುಚ್ಚಿದ ಬಾಗಿಲ ಮುಂದೆ ನಿಂತು ಮುಂದಿನವರು ಹಾಡಿದ ಸಾಲನ್ನು ಹಿಂದಿನವರು ಎತ್ತಿಕೊಳ್ಳುತ್ತಾರೆ. ಬಾಗಿಲು ತೆರೆದ ಮನೆಯವರು ದೀಪಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಯಿ, ಹಣ ಕೊಟ್ಟು ಕಳಿಸುತ್ತಾರೆ.

ಮೊದಲ ಮನೆಯಲ್ಲಿಯೇ ಎರಡು ತಪ್ಪು ಮಾಡಿದೆ. ಮದುವೆ ಮನೆಯ ಅಭ್ಯಾಸದಂತೆ ಎಲ್‌ಇಡಿ ಪ್ಯಾನೆಲ್ ಹೊತ್ತಿಸಿದ ಕೂಡಲೇ ಎಲ್ಲರ ಮುಖಗಳೂ ಚೆನ್ನಾಗಿ ಕಂಡವು, ಆದರೆ ಅಷ್ಟು ದೂರ ಹೊತ್ತು ತಂದ ದೀಪ ಮಾತ್ರ ಪರದೆಯ ಮೇಲೆ ಒಂದು ಹಳದಿ ಚುಕ್ಕೆಯಾಗಿ ಉಳಿಯಿತು. ಬಾಗಿಲು ತೆರೆಯುವ ಕ್ಷಣದಲ್ಲಿ ಫೋಕಸ್ ತಪ್ಪಿದ್ದರಿಂದ, ಬಾಗಿಲು ಹಾಕಿಕೊಂಡು ಇನ್ನೊಮ್ಮೆ ತೆರೆಯುವಂತೆ ಮನೆಯವರನ್ನು ಕೇಳಿದೆ. ತಂಡದ ಹಿರಿಯರು, “ದೀಪ ಬಂದ ಮೇಲೆ ಬಾಗಿಲು ಹಾಕುವುದುಂಟೇ?” ಎಂದರು. ಸಿಟ್ಟಿನಿಂದಲ್ಲ, ತಿಳಿಯದ ಹುಡುಗನಿಗೆ ಹೇಳುವಂತೆ.

ಸಾಕ್ಷ್ಯಚಿತ್ರ ವೃತ್ತಿಯ ಆದಿಪುರುಷನೂ ಇದೇ ಇಕ್ಕಟ್ಟಿನಲ್ಲಿ ಸಿಕ್ಕಿದ್ದವನೇ. ಉತ್ತರ ಕೆನಡಾದ ಇನ್ಯೂಟ್ ಜನರ ಬದುಕಿನ ಕುರಿತು ರಾಬರ್ಟ್ ಫ್ಲಾಹರ್ಟಿ ಮಾಡಿದ ಚಿತ್ರ 1922ರಲ್ಲಿ ತೆರೆಕಂಡಿತು. ಹಿಮದ ಮನೆಯೊಳಗೆ ಕ್ಯಾಮೆರಾಕ್ಕೆ ಸಾಲುವಷ್ಟು ಬೆಳಕಿಲ್ಲದ ಕಾರಣ, ಒಂದು ಬದಿ ತೆರೆದ ದೊಡ್ಡ ಮನೆಯನ್ನು ಕಟ್ಟಿಸಿ ಅದರೊಳಗೆ ಆ ಕುಟುಂಬ ಮಲಗುವುದನ್ನು, ಏಳುವುದನ್ನು ಆತ ಚಿತ್ರೀಕರಿಸಿದ. ಬಂದೂಕಿನ ಬಳಕೆ ಬಂದಿದ್ದ ಕಾಲದಲ್ಲೂ ಈಟಿಯ ಬೇಟೆಯನ್ನೇ ಆಡಿಸಿದ. ಅಲ್ಲಾಕರಿಯಲ್ಲಾಕ್ ಎಂಬ ಬೇಟೆಗಾರನಿಗೆ ಬೇರೆ ಹೆಸರಿಟ್ಟ. ಅದರ ಬಗ್ಗೆ ಟೀಕೆ ಇಂದಿಗೂ ನಿಂತಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಆದರೆ ತಾನು ತೆಗೆದ ರೀಲುಗಳನ್ನು ಅಲ್ಲಿಯೇ ಸಂಸ್ಕರಿಸಿ, ಆ ಜನರಿಗೇ ತೋರಿಸಿ, ಅವರೊಡನೆ ಕೂತು ಮುಂದಿನ ದೃಶ್ಯಗಳನ್ನು ಯೋಚಿಸಿದವನೂ ಅವನೇ. ನನಗೆ ಉಪಯೋಗಕ್ಕೆ ಬಂದದ್ದು ಈ ಎರಡನೆಯ ಸಂಗತಿ.

ಎರಡನೆಯ ರಾತ್ರಿಯಿಂದ ಪ್ಯಾನೆಲ್ಲನ್ನು ಜೀಪಿನಲ್ಲಿಯೇ ಬಿಟ್ಟು, ಹೆಚ್ಚು ಬೆಳಕು ಹಿಡಿಯುವ ಲೆನ್ಸ್ ಹಾಕಿಕೊಂಡು, ಚಿತ್ರದಲ್ಲಿ ಕಾಳು ಕಾಳು ಕಂಡರೂ ಸರಿಯೆಂದು ದೀಪದ ಬೆಳಕಿನಲ್ಲೇ ಕೆಲಸ ಮಾಡಿದೆ. ಒಂದು ತಿಂಗಳ ನಂತರ, ಕಾಫಿ ಕೊಯ್ಲಿನ ನಡುವೆ ಭಾನುವಾರ ಸಂಜೆ ಬಿಡುವು ಮಾಡಿಕೊಂಡು ಬಂದವರಿಗೆ, ದೇವಸ್ಥಾನದ ಜಗಲಿಯ ಗೋಡೆಗೆ ಪಂಚೆ ಕಟ್ಟಿ ಕಚ್ಚಾ ಸಂಕಲನವನ್ನು ತೋರಿಸಿದೆ. ತಮ್ಮ ಮುಖ ಕಂಡಾಗ ನಕ್ಕರು, ನಾಯಿ ಬೊಗಳಿದಾಗ ಅದು ಯಾರ ಮನೆಯದೆಂದು ಚರ್ಚಿಸಿದರು. ಆಮೇಲೆ ಒಬ್ಬ ಹೆಂಗಸು ಕೇಳಿದರು: “ಎಣ್ಣೆ ಹಾಕಿಸಿಕೊಳ್ಳದೇ ಹೊರಟುಬಿಟ್ಟರಲ್ಲ?” ಆ ದೃಶ್ಯ ನಿಧಾನವಾಯಿತೆಂದು ನಾನೇ ಕತ್ತರಿಸಿದ್ದೆ. ಮನೆ ಮನೆಯ ಎಣ್ಣೆ ಸೇರಿಯೇ ಆ ದೀಪ ಬೆಳಗಿನವರೆಗೆ ಉರಿಯುತ್ತದೆ ಎಂಬುದು ಅಲ್ಲಿದ್ದ ಮಕ್ಕಳಿಗೂ ಗೊತ್ತಿತ್ತು. ಗದ್ದೆಯ ಬದುವಿನ ಮೇಲೆ ನಡೆಯುವ ದೃಶ್ಯಕ್ಕೆ ನಾನು ಸೇರಿಸಿದ್ದ ಕೊಳಲಿನ ಸಂಗೀತವನ್ನು ಕೇಳಿ ಹಿರಿಯರು, “ಅಲ್ಲಿ ಕೊಳಲು ಊದಿದವರು ಯಾರು?” ಎಂದು ಮಾತ್ರ ಕೇಳಿದರು.

ಫ್ರಾನ್ಸಿನ ಸಾಕ್ಷ್ಯಚಿತ್ರಕಾರ ಝಾನ್ ರೂಶ್ ಕೂಡ ಇಂಥದೇ ಮಾತು ಕೇಳಿಸಿಕೊಂಡಿದ್ದ. 1950ರ ದಶಕದಲ್ಲಿ ನೈಜರ್ ನದಿಯ ನೀರುಕುದುರೆ ಬೇಟೆಗಾರರಿಗೆ ಅವರದೇ ಚಿತ್ರವನ್ನು ತೋರಿಸಿದಾಗ, ಬೇಟೆಯ ದೃಶ್ಯಕ್ಕೆ ಆತ ಜೋಡಿಸಿದ್ದ ಸಂಗೀತಕ್ಕೆ ಅವರು ಆಕ್ಷೇಪಿಸಿದರು: ಬೇಟೆಯ ಹೊತ್ತಿನಲ್ಲಿ ಮೌನವಿರಬೇಕು, ಇಲ್ಲವಾದರೆ ಪ್ರಾಣಿ ಓಡಿಹೋಗುತ್ತದೆ. ಸಂಗೀತ ಅವರದೇ ಬೇಟೆಯ ಹಾಡಾಗಿದ್ದರೂ ರೂಶ್ ಅದನ್ನು ತೆಗೆದುಹಾಕಿದ. ನನ್ನದಾದರೋ ಅಂತರ್ಜಾಲದಿಂದ ಕೊಂಡ ಕೊಳಲು. ತೆಗೆಯುವುದಕ್ಕೆ ಸಂಕೋಚವೇ ಆಗಲಿಲ್ಲ. ಅಲ್ಲೀಗ ಹೆಜ್ಜೆಯ ಸದ್ದು, ಜೀರುಂಡೆ, ದೂರದಲ್ಲಿ ಯಾರೋ ಕೆಮ್ಮುವುದು ಇವೆ.

ಕೆಲಸ ಕೊಟ್ಟವರು ಇಪ್ಪತ್ತು ನಿಮಿಷ ಮೀರಬಾರದೆಂದಿದ್ದರು. ಮತ್ತೆ ಸೇರಿಸಿದ ಎಣ್ಣೆಯ ದೃಶ್ಯವೊಂದೇ ಎರಡು ನಿಮಿಷದ ಹತ್ತಿರವಿದ್ದುದರಿಂದ, ಅದನ್ನು ಮೊಟಕುಗೊಳಿಸುವಂತೆ ಎರಡು ಸಲ ಫೋನು ಬಂತು. ಅದನ್ನು ಹಾಗೆಯೇ ಉಳಿಸಿ, ಆರಂಭದಲ್ಲಿದ್ದ ಬೆಟ್ಟಗಳ ಡ್ರೋನ್ ದೃಶ್ಯವನ್ನು ತೆಗೆದು ಕಳಿಸಿದೆ.