ತುತ್ತೂರಿ ನೀರಿಗೆ ಬೀಳಲೇಬೇಕಿತ್ತಾ?

ನಮ್ಮ ಮಕ್ಕಳ ಪದ್ಯಗಳಲ್ಲಿ ಜಂಬ ಪಟ್ಟ ಮಗುವಿಗೆ ಉಳಿಗಾಲವೇ ಇಲ್ಲ ನೋಡಿ. ಜಿ.ಪಿ. ರಾಜರತ್ನಂ ಅವರ ಕಸ್ತೂರಿ ಕಾಸು ಕೊಟ್ಟು ತಗಡಿನ ತುತ್ತೂರಿ ಕೊಳ್ಳುತ್ತಾನೆ, ಬೇರೆ ಯಾರ ಹತ್ತಿರವೂ ಇಲ್ಲ ಅಂತ ಬೀದಿ ತುಂಬ ಊದುತ್ತಾನೆ, ಸಂಜೆ ಕೊಳದ ಹತ್ತಿರ ಅದು ಜಾರಿ ನೀರಿಗೆ ಬಿದ್ದು ಬಣ್ಣ ಹೋಗಿ, ಸರಿಗಮ ಅಂತಿದ್ದದ್ದು ಬರೀ ಗಗಗಗ ಅನ್ನತೊಡಗುತ್ತದೆ. ಅಲ್ಲ, ಹೊಸ ಆಟಿಕೆ ಸಿಕ್ಕ ಹುಡುಗ ಇನ್ನೇನು ಮಾಡಬೇಕಿತ್ತು? ಒಳ್ಳೆ ಮಗು ಅಂದ್ರೆ ಹೀಗಿರಬೇಕು ಅಂತ ದೊಡ್ಡವರು ಹಾಕಿದ ಗೆರೆ ಅದು. ಆದರೆ ಮಕ್ಕಳಿಗೆ ಜಾಸ್ತಿ ಇಷ್ಟ ಆಗೋದು ಆ ಗಗಗಗನೇ. ನೀತಿ ಯಾರಿಗೆ ಬೇಕು!

ಕುವೆಂಪು ಅವರ ಕಿಂದರಿಜೋಗಿಯಲ್ಲಿ ಇದು ಉಲ್ಟಾ. ಬ್ರೌನಿಂಗ್‌ನ ಇಂಗ್ಲಿಷ್ ಪದ್ಯದ ಕಥೆಯನ್ನು ತುಂಗೆಯ ದಡಕ್ಕೆ ತಂದು ಕೂರಿಸಿದ್ದಾರೆ. ಅಲ್ಲಿ ತಪ್ಪು ಮಾಡಿದವರು ಹಿರಿಯರು. ಇಲಿ ಓಡಿಸಿದವನಿಗೆ ಹೇಳಿದ ದುಡ್ಡು ಕೊಡದೆ ಮಾತು ತಪ್ಪುತ್ತಾರೆ, ಮಕ್ಕಳು ಕುಣಿಯುತ್ತಾ ಅವನ ಹಿಂದೆಯೇ ಹೊರಟುಬಿಡುತ್ತಾರೆ. ದೊಡ್ಡವರೂ ಸುಳ್ಳು ಹೇಳ್ತಾರೆ ಅಂತ ಮಕ್ಕಳ ಮುಂದೆ ಇಷ್ಟು ನೇರವಾಗಿ ಹೇಳೋ ಪದ್ಯವನ್ನು ಇವತ್ತು ಯಾರಾದರೂ ಬರೆದರೆ ಎಷ್ಟು ಅಪ್ಪ ಅಮ್ಮ ಒಪ್ತಾರೋ, ನನಗಂತೂ ಅನುಮಾನ.