ಬೀಜದ ಡೈರಿ: ಮೂರನೇ ವಾರ, ಒಂದು ಹಳೇ ಕಾಲುಚೀಲ

ಜನವರಿ 11

ಹಾರುವ ಬೀಜಗಳ ಲೆಕ್ಕ ಇವತ್ತಿಗೆ ಮುಗಿಯಿತು. ಎರಡು ಮೀಟರ್ ಎತ್ತರದಿಂದ ಬೀಜ ಬಿಡುವುದು ನಾನು, ಮೊಬೈಲ್‌ನಲ್ಲಿ ಟೈಮ್ ಹಿಡಿಯುವುದು ಮಗಳು. ಹುಣಸೆ ಬೀಜ ಒಂದು ಸೆಕೆಂಡೂ ತಗೊಳ್ಳಲಿಲ್ಲ. ತೀರ್ಥಹಳ್ಳಿಯ ತವರಿನಿಂದ ತಂದ ಹೊನ್ನೆ ಕಾಯಿ, ಸುತ್ತ ರೆಕ್ಕೆ ಇರುವ ಪುಟ್ಟ ಹಪ್ಪಳದಂಥದ್ದು, ಒಂದೂವರೆ ಸೆಕೆಂಡ್. ಎಕ್ಕದ ಬೀಜ ಏಳು! ಅದೂ ಮೂರನೇ ಸಲಕ್ಕೆ. ಮೊದಲೆರಡು ಸಲ ಫ್ಯಾನ್ ಆಫ್ ಮಾಡಲು ಮರೆತಿದ್ದೆ. ಎಕ್ಕದ ರೇಷ್ಮೆ ಹಾರಿ ಹೋಗಿ ದೇವರ ದೀಪದ ಎಣ್ಣೆಗೆ ಬಿತ್ತು. ಅತ್ತೆ ಏನೂ ಅನ್ನಲಿಲ್ಲ. ಬತ್ತಿ ಬದಲಾಯಿಸಿ ಸುಮ್ನೆ ನನ್ನ ಕಡೆ ನೋಡಿದರು.

ಜನವರಿ 18

ಇವತ್ತು ಅಂಟಿಕೊಂಡು ಹೋಗುವ ಬೀಜಗಳ ಸರದಿ. ಹಳೇ ಉಣ್ಣೆ ಕಾಲುಚೀಲವನ್ನು ಶೂ ಮೇಲೆ ಹಾಕಿಕೊಂಡು ಪಕ್ಕದ ಖಾಲಿ ಸೈಟಿನಲ್ಲಿ ಹತ್ತು ನಿಮಿಷ ಓಡಾಡಿದೆ. ಬಂದದ್ದೆಲ್ಲ ಹೆಚ್ಚುಕಮ್ಮಿ ಉತ್ತರಣೆ. ಗಣೇಶನ ಪತ್ರೆಗೆ ಹುಡುಕುತ್ತೇವಲ್ಲ, ಅದೇ. ಬಲಿತ ಕಾಯಿಗಳು ತೆನೆಗೆ ಒತ್ತಿಕೊಂಡು ಕೆಳಮುಖವಾಗಿರುತ್ತವೆ. ಮೇಲಿಂದ ಕೆಳಗೆ ಸವರಿದರೆ ಬೆರಳು ಜಾರುತ್ತದೆ. ಕೆಳಗಿನಿಂದ ಮೇಲಕ್ಕೆ ಸವರಿದರೆ ಚುಚ್ಚಿ, ಕೈಗೇ ಕಿತ್ತು ಬರುತ್ತವೆ.

ಜೊತೆಗೆ ಉದ್ದ ಊಬಿನ, ಅಂದರೆ ಬಾಲದಂಥ ಎಳೆ ಇರುವ, ಹುಲ್ಲಿನ ಬೀಜ ಎಂಟು. ಕುರಿ ಕಾಯುವವರಿಗೆ ಇದನ್ನು ಕಂಡರೆ ಆಗದು, ಉಣ್ಣೆ ದಾಟಿ ಚರ್ಮಕ್ಕೇ ಇಳಿಯುತ್ತದೆ.

ಜನವರಿ 19

ಆ ಹುಲ್ಲಿನ ಬೀಜ ಒಂದನ್ನು ತಟ್ಟೆಯಲ್ಲಿಟ್ಟು ಊಬಿಗೆ ಒಂದು ಹನಿ ನೀರು ಬಿಟ್ಟೆ. ಹಗ್ಗದ ಹಾಗೆ ಹೊಸೆದುಕೊಂಡಿದ್ದ ಊಬು ಬಿಚ್ಚಿಕೊಳ್ಳತೊಡಗಿತು. ಅದರ ಬಾಗಿದ ತುದಿ ಗಡಿಯಾರದ ಮುಳ್ಳಿನಂತೆ ಸುತ್ತಿತು! ಒಣಗಿದ ಮೇಲೆ ಮತ್ತೆ ಹೊಸೆದುಕೊಂಡಿತು, ಈ ಸಲ ಉಲ್ಟಾ. ಇಬ್ಬನಿಗೆ ಒಮ್ಮೆ, ಬಿಸಿಲಿಗೆ ಒಮ್ಮೆ, ಹೀಗೆ ತಿರುಗುತ್ತಾ ಬೀಜ ಮಣ್ಣು ಕೊರೆಯುತ್ತದೆ. ಚೂಪು ತುದಿಯ ಹತ್ತಿರ ಹಿಂದಕ್ಕೆ ಬಾಗಿದ ಕೂದಲಿವೆ. ಒಳಗೆ ಹೋದದ್ದು ವಾಪಸ್ ಬರುವಂತಿಲ್ಲ.

ಎಕ್ಕದ ಏಳು ಸೆಕೆಂಡಿಗೆ ಅಷ್ಟು ಬೀಗಿದ್ದೆ. ದೂರ ಹೋಗುವುದೊಂದೇ ಅಲ್ಲ, ಹೋದಲ್ಲಿ ಕಾಲೂರಬೇಕಲ್ವಾ? ಹತ್ತಿ ಬಿಡಿಸಿದಂತೆ ಹಾರಿದ ಆ ಬೀಜಗಳಲ್ಲಿ ಎಷ್ಟು ಟಾರ್ ರಸ್ತೆಗೆ ಬೀಳುತ್ತವೋ.

ಸಂಜೆ ಕಾಲುಚೀಲವನ್ನು ಹಾಗೇ ಮಣ್ಣಿನ ಟ್ರೇ ಮೇಲೆ ಹಾಸಿ ನೀರು ಚಿಮುಕಿಸಿದೆ.

ಜನವರಿ 30

ಐದು ಮೊಳಕೆ. ಎರಡೆರಡು ಎಲೆ, ಉತ್ತರಣೆಯೇ ಇರಬೇಕು. ಹುಲ್ಲು ಇನ್ನೂ ಮೊಳೆತಿಲ್ಲ. ಆದರೆ ಕಾಲುಚೀಲದ ಅಂಚು ಎತ್ತಿದರೆ ಮೂರು ಬೀಜ ಉಣ್ಣೆ ದಾಟಿ ಮಣ್ಣಿಗೆ ಇಳಿದಿವೆ. ಎಳೆದರೆ ಕಾಲುಚೀಲವೂ ಜೊತೆಗೇ ಬರುತ್ತದೆ.